ಸಭೆಯ ಸಿದ್ಧತೆಗೊಂದು ಸ್ವಂತ ಸಹಾಯಕ: ಕೃತಕ ಬುದ್ಧಿಮತ್ತೆಯ ಸಾಧನಕ್ಕೆ ಸೂಚನೆ ಬರೆಯುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ತಿಳುವಳಿಕೆ ಪತ್ರವು ಮಾನ್ಯ ಸದಸ್ಯರ ಕೈಸೇರುವಾಗ ಅದರೊಡನೆ ಹತ್ತು ಹದಿನೈದು ವಿಷಯಗಳ ಕಾರ್ಯಸೂಚಿಯೂ ಇರುತ್ತದೆ. ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು, ಜಮಾ-ಖರ್ಚಿನ ಮಂಡನೆ, ಮೋಟಾರ್ ದುರಸ್ತಿಯ ಬಿಲ್ಲು, ಬೀದಿದೀಪ, ಕ್ರಿಯಾ ಯೋಜನೆ ಹೀಗೆ ಪಟ್ಟಿ ಸಾಗುತ್ತದೆ. ‘ಸರ್ಕಾರದ ಸುತ್ತೋಲೆಗಳನ್ನು ಸಭೆಯ ಗಮನಕ್ಕೆ ತರುವುದು’ ಎಂಬ ಒಂದು ಸಾಲಿನ ಹಿಂದೆ ಆರೇಳು ಪುಟಗಳ ಪತ್ರವಿರುವುದು ಅಪರೂಪವಲ್ಲ. ಹೊಲಮನೆಯ ಕೆಲಸದ ನಡುವೆ ಇವೆಲ್ಲವನ್ನೂ ಓದಿಕೊಂಡು ಬರುವುದು ಕಷ್ಟ. ಓದದೆ ಬಂದವರು ಸಭೆಯಲ್ಲಿ ಮೌನವಾಗಿರುತ್ತಾರೆ, ಅವರ ಮೌನವು ನಡವಳಿ ಪುಸ್ತಕದಲ್ಲಿ ಒಪ್ಪಿಗೆಯೆಂದು ದಾಖಲಾಗುತ್ತದೆ.

ಈ ಕೊರತೆಯನ್ನು ಒಂದಿಷ್ಟಾದರೂ ತುಂಬಿಕೊಳ್ಳಲು ಈಗ ಮೊಬೈಲಿನಲ್ಲಿಯೇ ಒಂದು ಉಪಾಯವಿದೆ. ಚಾಟ್‌ಜಿಪಿಟಿ, ಜೆಮಿನಿ ಮುಂತಾದ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಅನೇಕ ಸದಸ್ಯರು ಆಗಲೇ ಬಳಸಿ ನೋಡಿರಬಹುದು, ಮನೆಯ ಮಕ್ಕಳಂತೂ ಬಳಸುತ್ತಿದ್ದಾರೆ. ಪ್ರಸ್ತುತ ಪಾಠವು ಅವುಗಳ ಸಾಮಾನ್ಯ ಪರಿಚಯಕ್ಕೆ ಮೀಸಲಾದುದಲ್ಲ. ಅಂತಹ ಸಾಧನಕ್ಕೆ ಸದಸ್ಯರ ಕೆಲಸವನ್ನು ಒಮ್ಮೆ ತಿಳಿಸಿ, ಪ್ರತಿ ಬಾರಿಯೂ ಮೊದಲಿನಿಂದ ವಿವರಿಸಬೇಕಾಗದಂತೆ, ಮೊಬೈಲಿನ ಮುಖಪುಟದಲ್ಲಿ ಒಂದು ಗುರುತನ್ನು ಒತ್ತಿದೊಡನೆ ಸಿದ್ಧವಾಗಿ ನಿಲ್ಲುವ ಸಹಾಯಕನನ್ನು ರೂಪಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಕಚೇರಿಗೆ ಹೊಸದಾಗಿ ಬಂದ ಬರಹಗಾರನಿಗೆ ಮೊದಲ ದಿನವೇ ಕೆಲವು ಮಾತು ಹೇಳುತ್ತೇವೆ: ನಮ್ಮಲ್ಲಿ ಪತ್ರ ಹೀಗೆ ಬರೆಯಬೇಕು, ಮೊತ್ತ ತಿಳಿಯದಿದ್ದರೆ ಜಾಗ ಬಿಡಬೇಕು, ಅನುಮಾನ ಬಂದರೆ ಕೇಳಬೇಕು. ಸ್ವಂತ ಸಹಾಯಕನನ್ನು ರೂಪಿಸುವುದೆಂದರೆ ಇಂತಹ ಮಾತುಗಳನ್ನು ಬರವಣಿಗೆಯಲ್ಲಿ ಇಟ್ಟುಬಿಡುವುದು. ಇದರಲ್ಲಿ ತಂತ್ರಾಂಶ ಬರೆಯುವ ಕೆಲಸ ಯಾವುದೂ ಇಲ್ಲ. ಆದರೆ ಬರಹಗಾರನಿಗೂ ಈ ಯಂತ್ರಕ್ಕೂ ಒಂದು ವ್ಯತ್ಯಾಸವುಂಟು. ಬರಹಗಾರನು ನಮ್ಮ ಊರನ್ನು ಕಂಡಿರುತ್ತಾನೆ. ಯಂತ್ರವು ತಾನು ಕಲಿತ ಅಸಂಖ್ಯ ಬರಹಗಳ ಆಧಾರದಿಂದ, ಒಂದು ಪದದ ನಂತರ ಯಾವ ಪದ ಬರುವುದು ಹೆಚ್ಚು ಸಂಭವನೀಯವೆಂದು ಲೆಕ್ಕಹಾಕುತ್ತಾ ವಾಕ್ಯ ಕಟ್ಟುತ್ತದೆ. ಆದುದರಿಂದ ಅದು ಬರೆದ ವಾಕ್ಯ ನೋಡಲು ಸರಾಗವಾಗಿದ್ದರೂ ಸತ್ಯವಾಗಿರಲೇಬೇಕೆಂದಿಲ್ಲ. ಮುಂದೆ ಕೊಟ್ಟಿರುವ ಸೂಚನೆಯ ಅರ್ಧಭಾಗ ಈ ಕಾರಣಕ್ಕಾಗಿಯೇ ಇದೆ.

ಸಿದ್ಧಪಡಿಸುವ ವಿಧಾನ

ಗೂಗಲ್ ಸಂಸ್ಥೆಯ ಜೆಮಿನಿಯಲ್ಲಿ ಇಂತಹ ಸ್ವಂತ ಸಹಾಯಕನಿಗೆ ‘ಜೆಮ್’ ಎಂದು ಹೆಸರು. 2025ರ ಮಾರ್ಚ್‌ನಿಂದ ಇದು ಹಣ ಪಾವತಿಸದ ಬಳಕೆದಾರರಿಗೂ ದೊರೆಯುತ್ತಿದೆ. ಜೆಮಿನಿಯ ಮೊಬೈಲ್ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗಲೇ ಕನ್ನಡವನ್ನೂ ಒಳಗೊಂಡಿತ್ತು. ಚಾಟ್‌ಜಿಪಿಟಿಯಲ್ಲಿಯೂ ಇದೇ ಬಗೆಯ ಸೌಲಭ್ಯವಿದ್ದು, ಕೆಳಗಿನ ಸೂಚನೆಯನ್ನು ಅಲ್ಲಿಯೂ ಬಳಸಬಹುದು. ಗ್ರಂಥಾಲಯದ ಅಥವಾ ಮನೆಯ ಗಣಕಯಂತ್ರದಲ್ಲಿ ತಮ್ಮ ಜಿಮೇಲ್ ಖಾತೆಯ ಮೂಲಕ ಜೆಮಿನಿಯ ಜಾಲತಾಣವನ್ನು ತೆರೆದು, ‘ಜೆಮ್ಸ್’ ಎಂಬಲ್ಲಿ ‘ನ್ಯೂ ಜೆಮ್’ ಆಯ್ದುಕೊಂಡು, ಹೆಸರಿನ ಜಾಗದಲ್ಲಿ ‘ಸಭೆ ಸಹಾಯಕ’ ಎಂದು ಬರೆದು, ಸೂಚನೆಯ ಜಾಗದಲ್ಲಿ ಮುಂದಿನ ಪಠ್ಯವನ್ನು ತುಂಬಿ ಉಳಿಸಬೇಕು. ಅದೇ ಖಾತೆಯಿಂದ ಮೊಬೈಲಿನಲ್ಲಿಯೂ ಅದು ಕಾಣುತ್ತದೆ. ಮೊಬೈಲಿನ ಕ್ರೋಮ್‌ನಲ್ಲಿ ಆ ಪುಟವನ್ನು ತೆರೆದು, ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ ‘ಆ್ಯಡ್ ಟು ಹೋಮ್ ಸ್ಕ್ರೀನ್’ ಆರಿಸಿದರೆ ಮುಖಪುಟದಲ್ಲಿ ಗುರುತು ಮೂಡುತ್ತದೆ.

ಇಷ್ಟೂ ತೊಡಕೆನಿಸಿದರೆ ಇನ್ನೂ ಸರಳವಾದ ದಾರಿಯಿದೆ. ಸೂಚನೆಯನ್ನು ವಾಟ್ಸಾಪ್‌ನಲ್ಲಿ ತಮಗೆ ತಾವೇ ಕಳುಹಿಸಿಕೊಂಡು ಇಟ್ಟುಕೊಳ್ಳಬಹುದು. ಬೇಕಾದಾಗ ಅದನ್ನು ನಕಲಿಸಿ, ಯಾವುದೇ ಸಾಧನದಲ್ಲಿ ಹೊಸ ಸಂಭಾಷಣೆಯ ಮೊದಲಿಗೆ ಅಂಟಿಸಿದರೆ ಫಲ ಬಹುಮಟ್ಟಿಗೆ ಒಂದೇ. ಬೆರಳಚ್ಚು ರೂಢಿಯಿಲ್ಲದವರು ಕೀಲಿಮಣೆಯ ಮೈಕ್ ಗುರುತನ್ನು ಒತ್ತಿ ಕನ್ನಡದಲ್ಲಿಯೇ ಮಾತನಾಡಬಹುದು.

ಸೂಚನೆಯ ಪಠ್ಯ

“ನಾನು ಕರ್ನಾಟಕದ ಒಂದು ಗ್ರಾಮ ಪಂಚಾಯಿತಿಯ ಚುನಾಯಿತ ಸದಸ್ಯ. ನನಗೆ ಕನ್ನಡದಲ್ಲಿ, ಸಣ್ಣ ವಾಕ್ಯಗಳಲ್ಲಿ ಉತ್ತರ ಕೊಡು. ಅಧ್ಯಕ್ಷರು, ಉಪಾಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ, ಕರವಸೂಲಿಗಾರ, ನೀರುಗಂಟಿ ಎಂಬ ಪದಗಳನ್ನೇ ಬಳಸು. ಸರಪಂಚ, ಪ್ರಧಾನ, ಗ್ರಾಮಸೇವಕ ಎಂದು ಬರೆಯಬೇಡ. ವಾರ್ಡ್ ಸಭೆ, ಗ್ರಾಮ ಸಭೆ, ಗ್ರಾಮ ಪಂಚಾಯಿತಿ ಸಾಮಾನ್ಯ ಸಭೆ ಈ ಮೂರೂ ಬೇರೆ ಬೇರೆ. ಯಾವುದೆಂದು ನಾನು ಹೇಳದಿದ್ದರೆ ಮೊದಲು ಕೇಳು. ನಾನು ಹೇಳದ ಹೆಸರು, ದಿನಾಂಕ, ಮೊತ್ತ, ಸರ್ವೆ ನಂಬರು, ನಿರ್ಣಯ ಸಂಖ್ಯೆ ಇವನ್ನು ನೀನಾಗಿ ತುಂಬಬೇಡ. ಚುಕ್ಕೆಗಳನ್ನಿಟ್ಟು ಜಾಗ ಬಿಡು. ಕಾನೂನಿನ ಪ್ರಕರಣ ಸಂಖ್ಯೆಯನ್ನು ನಾನು ಕೊಟ್ಟ ಕಾಗದದಲ್ಲಿದ್ದರೆ ಮಾತ್ರ ಬರೆ. ‘ಸರ್ವಾನುಮತದಿಂದ’ ಎಂಬ ಪದವನ್ನು ನಾನು ಹೇಳದೆ ಬರೆಯಬೇಡ. ಯಾರಾದರೂ ಆಕ್ಷೇಪಿಸಿದರೆಂದು ನಾನು ಹೇಳಿದರೆ ಆ ಆಕ್ಷೇಪವನ್ನು ಮೃದುಗೊಳಿಸದೆ ದಾಖಲಿಸು. ಲೆಕ್ಕವಿದ್ದರೆ ಪ್ರತಿ ಹಂತವನ್ನೂ ತೋರಿಸು. ಉತ್ತರದ ಕೊನೆಯಲ್ಲಿ, ನಾನು ಕಾಗದ ನೋಡಿ ಖಚಿತಪಡಿಸಿಕೊಳ್ಳಬೇಕಾದ ಅಂಶಗಳನ್ನು ಬೇರೆಯಾಗಿ ತಿಳಿಸು.”

ಪದಗಳ ಪಟ್ಟಿ ಏಕೆ ಬೇಕೆಂದು ಕೆಲವರು ಕೇಳಬಹುದು. ಪಂಚಾಯಿತಿಯ ಕುರಿತು ಯಂತ್ರವು ಓದಿರುವುದರಲ್ಲಿ ಉತ್ತರ ಭಾರತದ ಬರಹಗಳೇ ಅಧಿಕ. ಆ ಕಾರಣ ಕನ್ನಡದಲ್ಲಿ ಬರೆಯುವಾಗಲೂ ಅಧ್ಯಕ್ಷರನ್ನು ‘ಸರಪಂಚ’ ಎನ್ನುವುದುಂಟು. ಇದನ್ನು ಕಂಡು ನಕ್ಕು ಸುಮ್ಮನಾಗಬಹುದು. ಆದರೆ ‘ಗ್ರಾಮ ಸಭೆ’ಯನ್ನೂ ‘ಪಂಚಾಯಿತಿ ಸಾಮಾನ್ಯ ಸಭೆ’ಯನ್ನೂ ಒಂದೇ ಎಂದು ಬೆರೆಸಿದರೆ ನಗುವ ವಿಷಯವಾಗಿ ಉಳಿಯುವುದಿಲ್ಲ. ಮತದಾರರೆಲ್ಲ ಸೇರುವ ಸಭೆಗೂ ಚುನಾಯಿತ ಸದಸ್ಯರು ಸೇರುವ ಸಭೆಗೂ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿ ಬೇರೆ ಬೇರೆ ಸ್ಥಾನವಿದೆ. ಅರ್ಜಿಯಲ್ಲಿ ಸಭೆಯ ಹೆಸರೇ ತಪ್ಪಿದರೆ ಉತ್ತರವೂ ತಪ್ಪಿ ಬರುತ್ತದೆ.

ಮೊದಲ ಬಳಕೆ: ಸುತ್ತೋಲೆಯನ್ನು ಅರ್ಥಮಾಡಿಕೊಳ್ಳುವುದು

ಸುತ್ತೋಲೆಯ ಪುಟಗಳ ಫೋಟೋ ತೆಗೆದು ಸಹಾಯಕನಿಗೆ ಕೊಟ್ಟು, “ಇದರಲ್ಲಿ ಸದಸ್ಯರು ಮಾಡಬೇಕಾದುದು ಏನು, ಯಾವ ದಿನಾಂಕದೊಳಗೆ, ಹಣ ಯಾವ ಲೆಕ್ಕಶೀರ್ಷಿಕೆಯಿಂದ?” ಎಂದು ಕೇಳಬೇಕು. ‘ಸಾರಾಂಶ ಕೊಡು’ ಎಂದಷ್ಟೇ ಕೇಳಿದರೆ ಸುತ್ತೋಲೆಯ ಪೀಠಿಕೆಯೇ ಚಿಕ್ಕದಾಗಿ ಮರಳಿ ಬರುವ ಸಂಭವ ಹೆಚ್ಚು. ಇಲ್ಲಿ ಎರಡು ತಾಂತ್ರಿಕ ಅಂಶಗಳನ್ನು ಗಮನಿಸಬೇಕು. ನಮ್ಮ ಅನೇಕ ಪಿಡಿಎಫ್ ಪತ್ರಗಳು ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದವು, ಯೂನಿಕೋಡ್‌ನಲ್ಲಿ ಇರುವುದಿಲ್ಲ. ಅವುಗಳಿಂದ ಪಠ್ಯವನ್ನು ನಕಲಿಸಿ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಅಂತಹ ಪತ್ರದ ಫೋಟೋವನ್ನೇ ಕೊಡಬೇಕು. ಎರಡನೆಯದಾಗಿ, ಹಲವು ಬಾರಿ ನೆರಳಚ್ಚಾದ ಮಸುಕು ಪ್ರತಿಯಲ್ಲಿ ಕನ್ನಡದ ೬ ಮತ್ತು ೯ ಅಂಕಿಗಳು ಒಂದರಂತೆ ಒಂದು ಕಾಣುತ್ತವೆ. ಮನುಷ್ಯರ ಕಣ್ಣೇ ತಡವರಿಸುವಲ್ಲಿ ಯಂತ್ರದ ಓದನ್ನು ನಂಬಬಾರದು, ಮೊತ್ತ ಮತ್ತು ದಿನಾಂಕವನ್ನು ಮೂಲ ಪತ್ರದಲ್ಲಿಯೇ ನೋಡಬೇಕು.

ಕಾಗದವನ್ನು ಕೊಡದೆ ಬರಿಯ ಪ್ರಶ್ನೆ ಕೇಳಿದರೆ ಏನಾಗುತ್ತದೆಂಬುದಕ್ಕೆ ಹಣಕಾಸು ಆಯೋಗದ ಅನುದಾನ ತಕ್ಕ ಉದಾಹರಣೆ. 15ನೇ ಹಣಕಾಸು ಆಯೋಗದ ಅಡಿಯಲ್ಲಿ 2020-21ನೇ ಸಾಲಿಗೆ ನಿರ್ಬಂಧಿತ ಮತ್ತು ಅನಿರ್ಬಂಧಿತ ಅನುದಾನಗಳು ತಲಾ ಶೇ. 50 ಇದ್ದವು. 2021-22ರಿಂದ 2025-26ರವರೆಗಿನ ಅವಧಿಗೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾದ ನಿರ್ಬಂಧಿತ ಭಾಗ ಶೇ. 60, ಅನಿರ್ಬಂಧಿತ ಭಾಗ ಶೇ. 40 ಆಯಿತು. ಅದಕ್ಕೂ ಹಿಂದಿನ 14ನೇ ಆಯೋಗದ ಕಾಲದಲ್ಲಿ ಮೂಲ ಅನುದಾನ ಶೇ. 90, ಸಾಧನೆ ಆಧಾರಿತ ಅನುದಾನ ಶೇ. 10 ಎಂಬ ಬೇರೊಂದು ವಿಂಗಡಣೆಯಿತ್ತು. ಯಂತ್ರವು ಈ ಮೂರನ್ನೂ ಓದಿದೆ. ವರ್ಷವನ್ನು ಹೇಳದೆ ಕೇಳಿದರೆ ಮೂರರಲ್ಲಿ ಯಾವುದನ್ನಾದರೂ ಅಷ್ಟೇ ಧೈರ್ಯದಿಂದ ಹೇಳಬಲ್ಲದು. ಆಯಾ ಸಾಲಿನ ಮಾರ್ಗಸೂಚಿಯ ಪುಟವನ್ನು ಕೊಟ್ಟು, ಅದರಲ್ಲಿರುವುದನ್ನು ಮಾತ್ರ ವಿವರಿಸಲು ಹೇಳುವುದೇ ಸರಿಯಾದ ಕ್ರಮ.

ಎರಡನೆಯ ಬಳಕೆ: ತಮ್ಮ ಮಾತನ್ನು ಬರವಣಿಗೆಗೆ ಇಳಿಸುವುದು

ಮೊದಲ ಬಾರಿಗೆ ಆಯ್ಕೆಯಾದ ಸದಸ್ಯರು, ವಿಶೇಷವಾಗಿ ಮಹಿಳಾ ಸದಸ್ಯರು, ವಾರ್ಡಿನ ತೊಂದರೆಯನ್ನು ಬಾಯಲ್ಲಿ ಸ್ಪಷ್ಟವಾಗಿ ಹೇಳಬಲ್ಲರು. ಆದರೆ ‘ಸದರಿ’, ‘ಮೇಲ್ಕಂಡ’, ‘ಕ್ರಮ ವಹಿಸುವುದು’ ಎಂಬ ಕಚೇರಿ ಭಾಷೆಯಲ್ಲಿ ಬರೆಯಲು ಹಿಂಜರಿಯುತ್ತಾರೆ. ಸಹಾಯಕನು ಅತ್ಯಂತ ಉಪಯುಕ್ತವಾಗುವುದೂ ಅತ್ಯಂತ ಅಪಾಯಕಾರಿಯಾಗುವುದೂ ಇಲ್ಲಿಯೇ. ಪರೀಕ್ಷೆಗೆಂದು ರಚಿಸಿದ ಈ ಮಾತನ್ನು ನೋಡಿರಿ:

“ಶಾಲೆ ಹತ್ರ ಚರಂಡಿ ತುಂಬಿದೆ, ಮಳೆ ಬಂದ್ರೆ ನೀರು ಶಾಲೆ ಒಳಕ್ಕೇ ಬರುತ್ತೆ. ಹೋದ ಸಭೇಲೂ ಹೇಳಿದ್ದೆ, ಆಗಿಲ್ಲ. ಈ ಸಲ ಕ್ರಿಯಾ ಯೋಜನೇಲಿ ಸೇರಿಸ್ಬೇಕು. ಇನ್ನೊಬ್ಬ ಸದಸ್ಯರು ಮೊದಲು ಸ್ಮಶಾನದ ರಸ್ತೆ ಆಗ್ಲಿ ಅಂದ್ರು.”

ಯಾವ ಸೂಚನೆಯೂ ಇಲ್ಲದ ಸಾಧನಕ್ಕೆ ಇದನ್ನು ಕೊಟ್ಟು ನಡವಳಿಯ ರೂಪದಲ್ಲಿ ಬರೆಯಲು ಹೇಳಿದಾಗ ದೊರೆತ ಕರಡಿನ ತಿರುಳು ಹೀಗಿತ್ತು: “ಸದರಿ ವಿಷಯವನ್ನು ಸಭೆಯಲ್ಲಿ ಸುದೀರ್ಘವಾಗಿ ಚರ್ಚಿಸಿ, ಶಾಲೆಯ ಬಳಿಯ ಚರಂಡಿ ಕಾಮಗಾರಿಯನ್ನು ರೂ. 2,00,000 ಅಂದಾಜು ಮೊತ್ತದಲ್ಲಿ ಕೈಗೊಳ್ಳಲು ಸರ್ವಾನುಮತದಿಂದ ನಿರ್ಣಯಿಸಲಾಯಿತು.”

ಓದಲು ಅಚ್ಚುಕಟ್ಟಾದ ನಡವಳಿ. ಆದರೆ ಎರಡು ಲಕ್ಷದ ಮಾತನ್ನು ಯಾರೂ ಆಡಿರಲಿಲ್ಲ. ಸಭೆ ನಿರ್ಣಯ ಕೈಗೊಂಡಿತೆಂದೂ ಹೇಳಿರಲಿಲ್ಲ, ಸದಸ್ಯರು ಬೇಡಿಕೆ ಇಟ್ಟಿದ್ದರು ಅಷ್ಟೆ. ಸ್ಮಶಾನದ ರಸ್ತೆಯ ಮಾತು ಮಾಯವಾಗಿದೆ. ‘ಹೋದ ಸಭೆಯಲ್ಲೂ ಹೇಳಿದ್ದೆ’ ಎಂಬ, ಈ ಮಾತಿಗೆಲ್ಲ ಬಲ ಕೊಡುವ ಸಾಲೂ ಇಲ್ಲ.

ಮೇಲಿನ ಸೂಚನೆಯನ್ನು ಹೊತ್ತ ಸಹಾಯಕನಿಂದ ಅದೇ ಮಾತಿಗೆ ಬಂದುದು ಬೇರೆ: “........ ವಾರ್ಡಿನ ಸದಸ್ಯರು ಶಾಲೆಯ ಬಳಿಯ ಚರಂಡಿಯು ತುಂಬಿದ್ದು, ಮಳೆಗಾಲದಲ್ಲಿ ನೀರು ಶಾಲೆಯೊಳಗೆ ನುಗ್ಗುತ್ತಿದೆಯೆಂದು ತಿಳಿಸಿದರು. ಹಿಂದಿನ ಸಭೆಯಲ್ಲಿಯೂ ಈ ವಿಷಯವನ್ನು ಪ್ರಸ್ತಾಪಿಸಿದ್ದು, ಕಾಮಗಾರಿ ಆಗಿರುವುದಿಲ್ಲವೆಂದರು. ಕ್ರಿಯಾ ಯೋಜನೆಯಲ್ಲಿ ಸೇರಿಸಲು ಕೋರಿದರು. ಸದಸ್ಯರಾದ ........ ಅವರು ಸ್ಮಶಾನದ ರಸ್ತೆಗೆ ಮೊದಲ ಆದ್ಯತೆ ನೀಡಬೇಕೆಂದರು. ಅಂದಾಜು ಮೊತ್ತ: ರೂ. ........ ಸಭೆಯ ತೀರ್ಮಾನ: ........” ಕೊನೆಯಲ್ಲಿ ಒಂದು ಪ್ರಶ್ನೆಯೂ ಇತ್ತು: ಸಭೆಯು ಕೊನೆಗೆ ಏನು ತೀರ್ಮಾನಿಸಿತು?

ಯಂತ್ರಕ್ಕೆ ‘ಸರ್ವಾನುಮತ’ದ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಬಂತು? ಅದನ್ನು ನಾವೇ ಕಲಿಸಿದ್ದೇವೆ ಎನ್ನಬೇಕು. ಸಭೆಗಳ ನಡವಳಿಗಳಲ್ಲಿ ವಿಷಯ, ಚರ್ಚೆ, ನಿರ್ಣಯ ಎಂಬ ಮೂರು ಮೆಟ್ಟಿಲಿನ ಕೊನೆಗೆ ಆ ಪದ ಬಂದು ಕೂರುವುದು ರೂಢಿ. ಹೆಚ್ಚು ಸಂಭವನೀಯವಾದ ಪದವನ್ನು ಆರಿಸುವ ಯಂತ್ರವು ರೂಢಿಯನ್ನೇ ಆರಿಸುತ್ತದೆ. ಈ ಮಾತನ್ನು ಒಬ್ಬ ಅಭಿವೃದ್ಧಿ ಅಧಿಕಾರಿಯೇ ಬರೆಯುತ್ತಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು, ಏಕೆಂದರೆ ಭಿನ್ನಾಭಿಪ್ರಾಯವಿಲ್ಲದ ನಡವಳಿ ಬರೆಯುವವರಿಗೆ ಸುಲಭ. ಆದರೆ ಮುಂದೊಂದು ದಿನ ಲೆಕ್ಕಪರಿಶೋಧನೆಯಲ್ಲಿಯೋ ವಿಚಾರಣೆಯಲ್ಲಿಯೋ ಆ ಕಾಮಗಾರಿಯ ಪ್ರಶ್ನೆ ಎದ್ದರೆ, ಅಂದು ಬೇಡವೆಂದಿದ್ದ ಸದಸ್ಯರ ಬಳಿ ಹಾಗೆ ಹೇಳಿದ್ದಕ್ಕೆ ಕಾಗದದ ಆಧಾರವೇ ಇರುವುದಿಲ್ಲ. ಅವರ ಸಹಿಯೂ ಅದೇ ಪುಟದಲ್ಲಿ ಇರುತ್ತದೆ.

ಸದಸ್ಯರು ಇದನ್ನು ಹೇಗೆ ಬಳಸಬೇಕೆಂಬುದನ್ನು ಇಲ್ಲಿ ಸ್ಪಷ್ಟಪಡಿಸುವುದು ಅವಶ್ಯ. ಪಂಚಾಯಿತಿಯ ಅಧಿಕೃತ ನಡವಳಿಯನ್ನು ದಾಖಲಿಸುವುದು ಕಚೇರಿಯ ಹೊಣೆ. ಸಹಾಯಕನು ಬರೆದುಕೊಟ್ಟುದು ಸದಸ್ಯರ ಸ್ವಂತ ಟಿಪ್ಪಣಿ ಮಾತ್ರ. ಸಭೆ ಮುಗಿದ ಸಂಜೆಯೇ, ನೆನಪು ಹಸಿಯಾಗಿರುವಾಗ, ತಾವು ಹೇಳಿದುದನ್ನೂ ಸಭೆ ತೀರ್ಮಾನಿಸಿದುದನ್ನೂ ಮೊಬೈಲಿಗೆ ಮಾತಿನಲ್ಲಿ ಹೇಳಿ ಟಿಪ್ಪಣಿ ಮಾಡಿಟ್ಟುಕೊಳ್ಳಬೇಕು. ಮುಂದಿನ ಸಭೆಯ ಮೊದಲ ವಿಷಯವಾಗಿ ಹಿಂದಿನ ನಡವಳಿಯನ್ನು ಓದುವಾಗ ಆ ಟಿಪ್ಪಣಿಯನ್ನು ಎದುರಿಗಿಟ್ಟುಕೊಂಡು ತಾಳೆ ನೋಡಬೇಕು. ವ್ಯತ್ಯಾಸ ಕಂಡರೆ ದೃಢೀಕರಣಕ್ಕೆ ಮುನ್ನವೇ ಎದ್ದು ಹೇಳಬೇಕು. ಅನೇಕ ಕಡೆ ಆ ಮೊದಲ ವಿಷಯವು ಚಹಾ ಬರುವಷ್ಟರೊಳಗೆ ಮುಗಿದುಹೋಗುತ್ತದೆ.

ಮೂರನೆಯ ಬಳಕೆ: ಲೆಕ್ಕ

ನೀರಿನ ವಿಷಯದಲ್ಲಿ ‘ಸಾಲುತ್ತಿಲ್ಲ’ ಎನ್ನುವುದಕ್ಕೂ ಎಷ್ಟು ಸಾಲುತ್ತಿಲ್ಲವೆಂದು ಹೇಳುವುದಕ್ಕೂ ಬಹಳ ಅಂತರವಿದೆ. ಜಲ ಜೀವನ್ ಮಿಷನ್‌ನ ಅಳತೆಯಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ದೊರೆಯಬೇಕು. 1,400 ಜನರ ಊರಿಗೆ 1,400 × 55 = 77,000 ಲೀಟರ್. ಕೊಳವೆ ಬಾವಿಯ ಪಂಪು ಗಂಟೆಗೆ 6,000 ಲೀಟರ್ ಎತ್ತುವುದಾದರೆ 12 ಗಂಟೆ 50 ನಿಮಿಷ ಓಡಬೇಕು. ಮೂರು ಫೇಸ್ ವಿದ್ಯುತ್ ದಿನಕ್ಕೆ 7 ಗಂಟೆ ಮಾತ್ರ ಇರುವುದಾದರೆ ಮೇಲೇರುವುದು 42,000 ಲೀಟರ್, ಎಂದರೆ ಒಬ್ಬರಿಗೆ 30 ಲೀಟರ್. ಕೊರತೆ 35,000 ಲೀಟರ್. ಈ ಐದು ಸಾಲಿನ ಲೆಕ್ಕವನ್ನು ಕೈಯಲ್ಲಿ ಹಿಡಿದು ಮಾತನಾಡುವ ಸದಸ್ಯರಿಗೆ ‘ನೋಡೋಣ’ ಎಂಬ ಉತ್ತರ ಕೊಡುವುದು ಕಷ್ಟ. ಓವರ್‌ಹೆಡ್ ಟ್ಯಾಂಕು ದೊಡ್ಡದು ಕಟ್ಟಿದರೂ ಈ ಕೊರತೆ ನೀಗದು, ಇನ್ನೊಂದು ನೀರಿನ ಮೂಲವೋ ಹೆಚ್ಚಿನ ವಿದ್ಯುತ್ ಅವಧಿಯೋ ಬೇಕೆಂಬುದೂ ಇದರಿಂದಲೇ ತಿಳಿಯುತ್ತದೆ.

ಪ್ರಶ್ನೆಯನ್ನು ಹೀಗೆ ಹಂತವಾಗಿ ಜೋಡಿಸಿಕೊಡಲು ಸಹಾಯಕನು ಸಮರ್ಥ. ಆದರೆ ಭಾಷೆಯನ್ನು ಕಟ್ಟುವ ಯಂತ್ರವು ಗುಣಾಕಾರದಲ್ಲಿ ಎಡವುವುದುಂಟು. ಹಂತಗಳನ್ನು ತೋರಿಸೆಂದು ಸೂಚನೆಯಲ್ಲಿ ಸೇರಿಸಿರುವುದು ಅದಕ್ಕಾಗಿ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒಮ್ಮೆ ಒತ್ತಿ ನೋಡಿದರೆ ಮುಗಿಯಿತು. ಪಂಪಿನ ನಿಜವಾದ ಎತ್ತುವಳಿಯನ್ನು ಮಾತ್ರ ಯಂತ್ರವನ್ನು ಕೇಳಬಾರದು. ನೀರುಗಂಟಿಯ ಜೊತೆ ಹೋಗಿ 200 ಲೀಟರಿನ ಡ್ರಮ್ಮು ಎಷ್ಟು ನಿಮಿಷದಲ್ಲಿ ತುಂಬುತ್ತದೆಂದು ನೋಡಬೇಕು. ಎರಡು ನಿಮಿಷವಾದರೆ ಗಂಟೆಗೆ 6,000 ಲೀಟರ್.

ಹೇಳಬಾರದ ಸಂಗತಿಗಳು

ಸಹಾಯಕನಿಗೆ ಹೇಳಿದ ಮಾತು ಮೊಬೈಲಿನಲ್ಲಿಯೇ ಉಳಿಯುವುದಿಲ್ಲ, ಸಂಸ್ಥೆಯ ಗಣಕಯಂತ್ರಗಳಿಗೆ ಹೋಗುತ್ತದೆ. ಸಂಭಾಷಣೆಗಳಲ್ಲಿ ಕೆಲವನ್ನು ಪರಿಶೀಲಕರು ಓದಬಹುದೆಂದೂ ಗೋಪ್ಯ ಮಾಹಿತಿಯನ್ನು ನಮೂದಿಸಬಾರದೆಂದೂ ಜೆಮಿನಿಯ ನಿಯಮಗಳಲ್ಲಿಯೇ ತಿಳಿಸಲಾಗಿದೆ. ಕೇಂದ್ರ ಹಣಕಾಸು ಸಚಿವಾಲಯವು 2025ರ ಜನವರಿಯಲ್ಲಿ ಕಚೇರಿಯ ಗಣಕಯಂತ್ರ ಮತ್ತು ಉಪಕರಣಗಳಲ್ಲಿ ಇಂತಹ ಸಾಧನಗಳನ್ನು ಬಳಸದಂತೆ ತನ್ನ ಸಿಬ್ಬಂದಿಗೆ ಸೂಚಿಸಿದುದೂ ಇದೇ ಆತಂಕದಿಂದ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ, ಆಧಾರ್ ಅಥವಾ ಪಡಿತರ ಚೀಟಿಯ ಪ್ರತಿ, ಬ್ಯಾಂಕ್ ಖಾತೆ, ಪಿಂಚಣಿ ಅರ್ಜಿಯೊಡನೆ ಬಂದ ವೈದ್ಯಕೀಯ ಪ್ರಮಾಣಪತ್ರ, ಕುಟುಂಬ ಕಲಹದ ದೂರು ಇವುಗಳಲ್ಲಿ ಯಾವುದರ ಫೋಟೋವನ್ನೂ ಕೊಡಬಾರದು. ಜನರು ಸದಸ್ಯರನ್ನು ನಂಬಿ ಕೊಟ್ಟ ಕಾಗದಗಳಿವು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಇದೆ. ಅರ್ಜಿಯ ಮಾದರಿ ಬೇಕಿದ್ದರೆ ಹೆಸರಿನ ಜಾಗದಲ್ಲಿ ‘ಅರ್ಜಿದಾರರು’ ಎಂದಷ್ಟೇ ಹೇಳಿದರೂ ಕೆಲಸ ಸಾಗುತ್ತದೆ. ಹೆಸರನ್ನು ಆಮೇಲೆ ಕೈಬರಹದಲ್ಲಿ ತುಂಬಬಹುದು.

ಅಧಿಕೃತ ಕೆಲಸಕ್ಕೆ ಸರ್ಕಾರವೇ ಒದಗಿಸುವ ಸಾಧನಗಳೂ ಬರುತ್ತಿವೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಸಭಾಸಾರ್’ ಎಂಬುದು ಗ್ರಾಮ ಸಭೆಯ ಧ್ವನಿ ಅಥವಾ ವಿಡಿಯೋ ಮುದ್ರಣದಿಂದ ನಡವಳಿಯನ್ನು ತಯಾರಿಸುತ್ತದೆ. ಭಾಷೆಗಳ ನಿರ್ವಹಣೆಗೆ ‘ಭಾಷಿಣಿ’ ವೇದಿಕೆಯನ್ನು ಬಳಸಿಕೊಳ್ಳುತ್ತದೆ. ಅಲ್ಲಿಯೂ ಮುದ್ರಣಕ್ಕೆ ಸಿಕ್ಕ ಧ್ವನಿ ಮಾತ್ರ ನಡವಳಿಗೆ ಬರುತ್ತದೆ. ಮೈಕಿನಿಂದ ದೂರ, ಹಿಂದಿನ ಸಾಲಿನಲ್ಲಿ ನಿಂತು ಹೇಳಿದ ಮಾತು ಬರುವುದಿಲ್ಲ. ತಮ್ಮ ವಾರ್ಡಿನವರು ಎದ್ದು ಮಾತನಾಡುವಾಗ ಮೈಕು ಅವರ ಕೈಗೆ ತಲುಪುವಂತೆ ಮಾನ್ಯ ಸದಸ್ಯರು ನೋಡಿಕೊಳ್ಳಬೇಕಾಗುತ್ತದೆ.

ಸೂಚನೆಯ ಪಠ್ಯವನ್ನು ಒಮ್ಮೆ ಬರೆದು ಮರೆಯಬಾರದು. ಯಂತ್ರವು ತಪ್ಪು ಪದ ಬಳಸಿದಾಗಲೆಲ್ಲ, ‘ಹೀಗೆ ಬರೆಯಬೇಡ’ ಎಂಬ ಒಂದು ಸಾಲನ್ನು ಅದಕ್ಕೆ ಸೇರಿಸುತ್ತಾ ಹೋಗಬೇಕು. ಇಲ್ಲಿ ಕೊಟ್ಟ ಪಠ್ಯದಲ್ಲಿ ಕರಾವಳಿ, ಮಲೆನಾಡು, ಬಯಲುಸೀಮೆಗಳ ಭೇದವಿಲ್ಲ. ತಮ್ಮ ಭಾಗದಲ್ಲಿ ಕೆರೆ, ಕಾಲುವೆ, ಹಳ್ಳ, ತೋಡುಗಳಿಗೆ ಇರುವ ಹೆಸರುಗಳನ್ನು ಸದಸ್ಯರೇ ಅದಕ್ಕೆ ಸೇರಿಸಿಕೊಳ್ಳತಕ್ಕದ್ದು.